ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ರೆಸ್ಯೂಮ್ ಬರೆಯಿರಿ

ಪ್ರತಿ ವರ್ಷ ಡಿಗ್ರಿ ರಿಸಲ್ಟ್ ಬಂದ ಮೇಲೆ ನನ್ನ ವಾಟ್ಸಾಪ್‌ಗೆ ರೆಸ್ಯೂಮ್‌ಗಳು ಬರೋಕೆ ಶುರುವಾಗುತ್ತವೆ. ಅಕ್ಕನ ಮಗ, ಭಾವನ ಅಂಗಡಿ ಪಕ್ಕದವರ ಮಗಳು, ಹೈಸ್ಕೂಲಲ್ಲಿ ಜೊತೆಗೆ ಓದಿದವನ ತಮ್ಮ. ಎಲ್ಲರದ್ದೂ ಒಂದೇ ಮಾತು: "ಸ್ವಲ್ಪ ನೋಡಿ, ಎಲ್ಲಾದ್ರೂ ಕೊಡಿ." ನಾನು ಎಚ್‌ಆರ್ ಅಲ್ಲ. ಬೆಂಗಳೂರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುವವನು. ಆದರೆ ನಮ್ಮ ಟೀಮಿಗೆ ಜನ ಬೇಕಾದಾಗ ರೆಸ್ಯೂಮ್ ಆರಿಸುವ ಕೆಲಸ ನನ್ನ ತಲೆಗೇ ಬರುತ್ತದೆ. ಹಾಗಾಗಿ ಈ ಕಡೆ ಕೂತು ಓದುವವನಿಗೆ ಏನು ಕಾಣುತ್ತದೆ ಅನ್ನೋದು ಚೆನ್ನಾಗಿ ಗೊತ್ತು.

ಮೊದಲು ತಿಪಟೂರಿನ ನಮ್ಮ ಅಕ್ಕನ ಮಗನ ಕಥೆ ಹೇಳುತ್ತೇನೆ. ಬಿಕಾಂ ಮುಗಿಸಿದ್ದ. ಕಳಿಸಿದ ರೆಸ್ಯೂಮ್ ಎರಡು ಪುಟ. ಮೇಲೆ ಅಂಚಿಗೆಲ್ಲ ಡಬಲ್ ಬಾರ್ಡರ್, ಒಳಗೆ ಅಪ್ಪನ ಹೆಸರು, ಧರ್ಮ, ಮದುವೆ ಆಗಿಲ್ಲ ಅನ್ನೋ ಮಾಹಿತಿ, ಮಾತಾಡೋಕೆ ಬರುವ ಭಾಷೆಗಳು, ಹವ್ಯಾಸ ಕ್ರಿಕೆಟ್. ಅನುಭವ ಅನ್ನೋ ಜಾಗದಲ್ಲಿ ಒಂದೇ ಪದ, ಫ್ರೆಶರ್. ಫೋನ್ ಮಾಡಿ ಕೇಳಿದೆ, "ಕಾಲೇಜು ಬಿಟ್ಟು ಬೇರೆ ಏನೂ ಮಾಡಿಲ್ವೇನೋ?"

"ಏನಿಲ್ಲ ಮಾವ, ಸುಮ್ನೆ ಮಂಡೀಲಿ ಲೆಕ್ಕ ಬರ್ಕೊಡ್ತಿದ್ದೆ ಅಷ್ಟೆ."

ಈ "ಏನಿಲ್ಲ, ಸುಮ್ನೆ, ಅಷ್ಟೆ" ಇದೆಯಲ್ಲ, ನಮ್ಮ ಕಡೆ ಹುಡುಗರ ರೆಸ್ಯೂಮ್ ಹಾಳಾಗೋದೇ ಇದರಿಂದ. ಇನ್ನೂ ಸ್ವಲ್ಪ ಕೆದಕಿದೆ. ಎರಡು ವರ್ಷ, ಕೊಬ್ಬರಿ ಹರಾಜಿನ ದಿನಗಳಲ್ಲಿ, ಪರಿಚಯದವರ ಮಂಡಿಯಲ್ಲಿ ಕೂತು ರೈತರ ಬಿಲ್ಲುಗಳನ್ನು ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರಿಗೆ ಹಾಕುತ್ತಿದ್ದನಂತೆ. ಸೀಸನ್ನಿನಲ್ಲಿ ದಿನಕ್ಕೆ ನಲವತ್ತು ಐವತ್ತು ಬಿಲ್. ಉತ್ತರ ಭಾರತಕ್ಕೆ ಹೋಗುವ ಲೋಡಿಗೆ ಇ-ವೇ ಬಿಲ್, ಅಂದರೆ ಸರಕು ಸಾಗಿಸೋಕೆ ಬೇಕಾದ ಜಿಎಸ್‌ಟಿ ದಾಖಲೆ, ಇವನೇ ತೆಗೆಯುತ್ತಿದ್ದ. ಒಂದು ರಾತ್ರಿ ಲಾರಿ ದಾರಿಯಲ್ಲಿ ಕೆಟ್ಟು ನಿಂತು, ಸರಕನ್ನು ಬೇರೆ ಲಾರಿಗೆ ಹಾಕಿಸಿದಾಗ, ಮನೆಯಿಂದಲೇ ಲಾಗಿನ್ ಆಗಿ ಹೊಸ ಗಾಡಿ ನಂಬರ್ ಅಪ್‌ಡೇಟ್ ಮಾಡಿದ್ದ. ತಿಂಗಳ ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಲೆಕ್ಕ ತಾಳೆ ನೋಡಿ, ಜಿಎಸ್‌ಟಿಆರ್-1ಕ್ಕೆ, ಅಂದರೆ ಮಾರಾಟದ ಜಿಎಸ್‌ಟಿ ರಿಟರ್ನಿಗೆ, ಬೇಕಾದ ಮಾರಾಟದ ಪಟ್ಟಿಯನ್ನು ಆಡಿಟರ್ ಆಫೀಸಿಗೆ ಕೊಟ್ಟು ಬರುತ್ತಿದ್ದ. ಇದು ಫ್ರೆಶರ್ರಾ? ಪೀಣ್ಯದ ಫ್ಯಾಕ್ಟರಿಗಳಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಮಾಡೋದೂ ಹೆಚ್ಚುಕಮ್ಮಿ ಇದನ್ನೇ.

ಅವನ ರೆಸ್ಯೂಮಿನಲ್ಲಿ ಇದರ ಒಂದು ಸಾಲೂ ಇರಲಿಲ್ಲ. ಕ್ರಿಕೆಟ್ ಇತ್ತು.

ಹಾಗಾಗಿ ಮೊದಲ ಕೆಲಸ ಕಂಪ್ಯೂಟರ್ ಮುಂದೆ ಕೂರೋದಲ್ಲ. ಫೋನಿನಲ್ಲಿ ವಾಯ್ಸ್ ರೆಕಾರ್ಡರ್ ಆನ್ ಮಾಡಿ, ಎದುರಿಗೆ ಒಬ್ಬ ಗೆಳೆಯನನ್ನೋ ಅಕ್ಕನನ್ನೋ ಕೂರಿಸಿಕೊಂಡು, ಕಳೆದ ಮೂರು ನಾಲ್ಕು ವರ್ಷ ಏನೇನು ಮಾಡಿದಿರಿ ಅಂತ ಕನ್ನಡದಲ್ಲೇ ಹೇಳಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಉರ್ದುವೋ ಆಡುತ್ತಿದ್ದರೆ ಅದರಲ್ಲೇ ಹೇಳಿ. ಇಂಗ್ಲಿಷಿನಲ್ಲಿ ಶುರು ಮಾಡಿದರೆ ಏನಾಗುತ್ತದೆ ಗೊತ್ತಾ? ನಿಮಗೆ ಗೊತ್ತಿರುವ ಇಂಗ್ಲಿಷಿಗೆ ಎಷ್ಟು ಸಿಗುತ್ತದೋ ಅಷ್ಟು ಮಾತ್ರ ಹೊರಗೆ ಬರುತ್ತದೆ. ಉಳಿದದ್ದು ಒಳಗೇ ಉಳಿದು, ಆ ಖಾಲಿ ಜಾಗಕ್ಕೆ ನೆಟ್ಟಿನಿಂದ ಕದ್ದ ಸಾಲುಗಳು ಬಂದು ಕೂರುತ್ತವೆ. ಕನ್ನಡದಲ್ಲಿ ಹೇಳುವಾಗ ಲಾರಿ ಕೆಟ್ಟ ಕಥೆ ತಾನಾಗಿ ಬರುತ್ತದೆ.

ಕೇಳುವವರಿಗೆ ಒಂದು ಕೆಲಸ ಕೊಡಿ. ನೀವು "ನಾವು ಮಾಡಿದ್ವಿ" ಅಂದಾಗಲೆಲ್ಲ "ನಾವು ಅಂದ್ರೆ ಯಾರು? ನೀನು ಏನು ಮಾಡಿದೆ?" ಅಂತ ಕೇಳಬೇಕು. ನೀವು "ಸುಮಾರು" ಅಂದಾಗ "ಸುಮಾರು ಅಂದ್ರೆ ಎಷ್ಟು? ಹತ್ತಾ, ನೂರಾ?" ಅಂತ ಕೇಳಬೇಕು. ಅರ್ಧ ಗಂಟೆ ಸಾಕು. ಆಮೇಲೆ ರೆಕಾರ್ಡಿಂಗ್ ಕೇಳಿಸಿಕೊಂಡು, ಮಾಡಿದ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕಾಲೇಜ್ ಫೆಸ್ಟಿಗೆ ಸ್ಪಾನ್ಸರ್ ಹಿಡಿದದ್ದು, ಗಣೇಶನ ಚಂದಾ ಲೆಕ್ಕ ಇಟ್ಟದ್ದು, ಮನೆಪಾಠ ಹೇಳಿದ್ದು, ಡೈರಿಯಲ್ಲಿ ಹಾಲಿನ ಫ್ಯಾಟ್ ರೀಡಿಂಗ್ ಬರೆದದ್ದು, ಡೆಲಿವರಿ ಕೆಲಸ, ಎನ್‌ಎಸ್‌ಎಸ್ ಕ್ಯಾಂಪ್, ಎಲ್ಲ ಬರಲಿ. ಅದರಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಅನ್ನೋದು ಆಮೇಲಿನ ಮಾತು.

ಯಾವುದು ಉಳಿಯಬೇಕು ಅನ್ನೋದಕ್ಕೆ ನಾನು ಇಟ್ಟುಕೊಂಡಿರುವ ಅಳತೆ ಒಂದೇ. ಆ ಸಾಲಿನ ಮೇಲೆ ಬೆರಳಿಟ್ಟು ಎದುರಿನವರು "ಇದು ಏನು ಹೇಳಿ?" ಅಂದರೆ ಎರಡು ನಿಮಿಷ ತಡವರಿಸದೆ ಮಾತಾಡಬಲ್ಲಿರಾ? ಹೌದು ಅಂದರೆ ಇರಲಿ. ಇಲ್ಲ ಅಂದರೆ ಅಳಿಸಿ, ಅದು ಎಷ್ಟೇ ಚೆಂದ ಕಾಣಲಿ. ಇಂಟರ್‌ವ್ಯೂನಲ್ಲಿ ನಾವು ಕೇಳುವ ಪ್ರಶ್ನೆಗಳು ಆಕಾಶದಿಂದ ಉದುರೋದಿಲ್ಲ, ನೀವೇ ಬರೆದು ಕೊಟ್ಟ ಹಾಳೆಯಿಂದ ಬರುತ್ತವೆ.

ಈಗ ಸಾಲು ಬರೆಯುವ ವಿಷಯ. ಬೆಂಗಳೂರಿನ ಖಾಸಗಿ ಕಂಪನಿಗಳಿಗೆ ರೆಸ್ಯೂಮ್ ಇಂಗ್ಲಿಷಿನಲ್ಲೇ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೆ ದೊಡ್ಡ ಇಂಗ್ಲಿಷ್ ಬೇಕಾಗಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, "ಬಿಲ್ಲುಗಳನ್ನು ಟ್ಯಾಲಿಯಲ್ಲಿ ಎಂಟ್ರಿ ಮಾಡಿದೆ" ಅಂತ. ರೆಸ್ಯೂಮಿನ ಇಂಗ್ಲಿಷಿನಲ್ಲಿ ಆ "ಮಾಡಿದೆ"ಯನ್ನು ಎತ್ತಿ ಸಾಲಿನ ತಲೆಯ ಮೇಲೆ ಇಡಬೇಕು, ಅಷ್ಟೇ. ಎಂಟರ್ಡ್, ಪ್ರಿಪೇರ್ಡ್, ಚೆಕ್ಡ್, ಟ್ರೇನ್ಡ್, ಸೋಲ್ಡ್, ರಿಪೇರ್ಡ್. ಮಾಡಿದ ಕೆಲಸಕ್ಕೆ ಸರಿಯಾದ ಒಂದು ಸಣ್ಣ ಪದ ಸಾಕು. "ನಾನು" ಅನ್ನೋದನ್ನು ಬಿಡಿ. ಕನ್ನಡದಲ್ಲೂ ನಾವು ಅದನ್ನು ಬಿಟ್ಟೇ ಮಾತಾಡುತ್ತೇವೆ ಅಲ್ವಾ, "ಊಟ ಮಾಡಿದೆ" ಅಂದರೆ ಯಾರು ಅಂತ ಯಾರೂ ಕೇಳಲ್ಲ. ರೆಸ್ಯೂಮಿನಲ್ಲೂ ಹಾಗೇ. "ರೆಸ್ಪಾನ್ಸಿಬಲ್ ಫಾರ್" ಅಂತ ಶುರು ಮಾಡಬೇಡಿ. ಜವಾಬ್ದಾರಿ ಇತ್ತು ಅಂತ ಮಾತ್ರ ಅದು ಹೇಳುತ್ತದೆ, ಕೆಲಸ ಆಯ್ತಾ ಇಲ್ವಾ ಹೇಳೋದಿಲ್ಲ.

ನಮ್ಮ ಹುಡುಗನ ಸಾಲುಗಳು ಕೊನೆಗೆ ಹೀಗೆ ನಿಂತವು. ಕನ್ನಡದಲ್ಲಿ ಕೊಡುತ್ತೇನೆ, ಇಂಗ್ಲಿಷಿಗೆ ನೀವೇ ತಿರುಗಿಸಿಕೊಳ್ಳಿ.

ಪಾರ್ಟ್‌ಟೈಮ್ ಅಕೌಂಟ್ಸ್ ಸಹಾಯಕ, ಕೊಬ್ಬರಿ ಮಂಡಿ, ತಿಪಟೂರು, 2 ವರ್ಷ
– ಹರಾಜಿನ ದಿನಗಳಲ್ಲಿ 40ರಿಂದ 50 ಖರೀದಿ ಬಿಲ್ಲುಗಳನ್ನು ಟ್ಯಾಲಿ ಪ್ರೈಮ್‌ನಲ್ಲಿ ಅದೇ ದಿನ ಎಂಟ್ರಿ ಮಾಡಿದ್ದು
– ಹೊರರಾಜ್ಯದ ಲೋಡುಗಳಿಗೆ ಇ-ವೇ ಬಿಲ್ ತೆಗೆದದ್ದು, ಗಾಡಿ ಬದಲಾದಾಗ ಅಪ್‌ಡೇಟ್ ಮಾಡಿದ್ದು
– ಪ್ರತಿ ತಿಂಗಳು ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡಿ, ಜಿಎಸ್‌ಟಿಆರ್-1ಕ್ಕೆ ಮಾರಾಟದ ಪಟ್ಟಿ ಸಿದ್ಧಪಡಿಸಿದ್ದು

ಮೂರೇ ಸಾಲು. ಇದರಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ, ಗಮನಿಸಿ. ಹಾರ್ಡ್ ವರ್ಕಿಂಗ್, ಸಿನ್ಸಿಯರ್, ಟೀಮ್ ಪ್ಲೇಯರ್ ಇವೆಲ್ಲ ನಾನು ನೋಡುವ ಹತ್ತರಲ್ಲಿ ಎಂಟು ರೆಸ್ಯೂಮಿನಲ್ಲಿ ಇರುತ್ತವೆ. ನಾನು ಸೋಮಾರಿ ಅಂತ ಬರೆದುಕೊಂಡವರನ್ನು ಇವತ್ತಿನವರೆಗೂ ಕಂಡಿಲ್ಲ. ಎಲ್ಲರೂ ಹೇಳುವ ಮಾತಿಗೆ ತೂಕ ಎಲ್ಲಿಂದ ಬರಬೇಕು? "ಅದೇ ದಿನ ಎಂಟ್ರಿ" ಅನ್ನೋ ಮೂರು ಪದದಲ್ಲಿ ಹಾರ್ಡ್ ವರ್ಕಿಂಗ್ ಬಂದುಬಿಟ್ಟಿದೆ. ಸಂಖ್ಯೆ ಬರೆಯುವಾಗ ಮಾತ್ರ ಬಾಯಿಗೆ ಬಂದದ್ದು ಹಾಕಬೇಡಿ. "ಲಾಭ 30 ಪರ್ಸೆಂಟ್ ಹೆಚ್ಚಿಸಿದೆ" ಅಂತ ಮೊನ್ನೆ ಒಬ್ಬ ಬರೆದಿದ್ದ. ಯಾವುದರ 30 ಪರ್ಸೆಂಟ್, ಹೇಗೆ ಲೆಕ್ಕ ಹಾಕಿದೆ ಅಂದರೆ ಮುಖ ನೋಡಿದ. ಬಿಲ್ ಎಷ್ಟು, ಗಿರಾಕಿ ಎಷ್ಟು, ಮಕ್ಕಳು ಎಷ್ಟು, ಎಷ್ಟು ದಿನದಲ್ಲಿ ಮುಗಿಯಿತು, ಇಂಥ ಎಣಿಸಬಹುದಾದ ಸಂಖ್ಯೆಗಳು ಸಾಕು.

ಇನ್ನು ಹಾಳೆಯ ಮೇಲಿಂದ ಕೆಳಗೆ ಬರೋಣ.

ಹೆಸರು. ಇದರಲ್ಲೇನಿದೆ ಅನ್ನಬೇಡಿ, ನಮ್ಮ ಕರ್ನಾಟಕದವರಿಗೆ ಇದೇ ದೊಡ್ಡ ತಲೆನೋವು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಕೊನೆಗೆ, ಆಧಾರ್‌ನಲ್ಲಿ ಇನಿಷಿಯಲ್ ಇಲ್ಲ, ಪ್ಯಾನ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಸೇರಿಕೊಂಡಿದೆ, ಬ್ಯಾಂಕಿನಲ್ಲಿ ಊರಿನ ಹೆಸರೂ ಇದೆ. ಕೆಲಸ ಸಿಕ್ಕ ಮೇಲೆ ದಾಖಲೆ ಪರಿಶೀಲನೆ ಮಾಡುವಾಗ ಇದು ಬಂದು ಕಾಡುತ್ತದೆ. ರೆಸ್ಯೂಮಿನಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ, ಇಮೇಲ್‌ನಲ್ಲೂ ಜಾಬ್ ಪೋರ್ಟಲ್‌ನಲ್ಲೂ ಅದೇ ಇರಲಿ. ಉಳಿದ ಕಾರ್ಡುಗಳನ್ನು ಬಿಡುವಿದ್ದಾಗ ತಿದ್ದಿಸಿಕೊಳ್ಳಿ. ಕೆಲಸ ಸಿಕ್ಕ ಮೇಲೆ ಓಡಾಡೋದಕ್ಕಿಂತ ಈಗ ಓಡಾಡೋದು ವಾಸಿ.

ಫೋನ್ ನಂಬರ್ ಒಂದು, ಸದಾ ಆನ್ ಇರುವಂಥದ್ದು. ಊರಿನ ಮನೆಯಲ್ಲಿ ನೆಟ್‌ವರ್ಕ್ ಸಿಗೋದಿಲ್ಲ ಅನ್ನೋದಾದರೆ ಇನ್ನೊಂದು ನಂಬರೂ ಕೊಡಿ, ಅದು ಯಾರದ್ದೋ ಅವರಿಗೆ ಮೊದಲೇ ಹೇಳಿಡಿ. ಇಮೇಲ್ ಐಡಿ ನಿಮ್ಮ ಹೆಸರಿನದ್ದೇ ಆಗಿರಲಿ. ಪಿಯುಸಿಯಲ್ಲಿ ತಮಾಷೆಗೆ ಮಾಡಿಕೊಂಡ ಐಡಿ ಕೆಲಸದ ಅರ್ಜಿಗೆ ಬೇಡ. ವಿಳಾಸಕ್ಕೆ ಊರಿನ ಹೆಸರು ಸಾಕು, ಬಾಗಿಲ ನಂಬರ್, ಅಂಚೆ, ಹೋಬಳಿ, ತಾಲ್ಲೂಕು ಯಾವುದೂ ಬೇಡ. ಬೆಂಗಳೂರಿಗೆ ಬರೋಕೆ ಸಿದ್ಧ ಅಂತ ಒಂದು ಮಾತು ಸೇರಿಸಿದರೆ ಒಳ್ಳೆಯದು, ಹೊರಗಿನ ಊರಿನ ಹೆಸರು ನೋಡಿದ ತಕ್ಷಣ ಪಕ್ಕಕ್ಕಿಡುವವರೂ ಇದ್ದಾರೆ.

ಅಪ್ಪನ ಹೆಸರು, ಜಾತಿ, ಧರ್ಮ, ಮದುವೆ, ಎತ್ತರ, ತೂಕ, ಆಧಾರ್ ನಂಬರ್, ಪ್ಯಾನ್ ನಂಬರ್ ಎಲ್ಲ ತೆಗೆಯಿರಿ. ಇದರಲ್ಲಿ ಅರ್ಧ ಗಂಡು-ಹೆಣ್ಣು ನೋಡುವಾಗ ಕೊಡುವ ಬಯೋಡೇಟಾದಿಂದ ಬಂದದ್ದು, ರಾಶಿ ನಕ್ಷತ್ರ ಒಂದು ಬಿಟ್ಟು. ಆಧಾರ್ ಮತ್ತು ಪ್ಯಾನ್ ನಂಬರನ್ನಂತೂ ಖಂಡಿತ ಹಾಕಬೇಡಿ. ನಿಮ್ಮ ರೆಸ್ಯೂಮ್ ಯಾರ ಯಾರ ಕೈಗೆ, ಯಾವ ಯಾವ ವಾಟ್ಸಾಪ್ ಗ್ರೂಪಿಗೆ ಹೋಗುತ್ತದೆ ಅಂತ ನಿಮಗೆ ಗೊತ್ತಾಗೋದೇ ಇಲ್ಲ. ಕೆಲಸಕ್ಕೆ ಸೇರುವಾಗ ಕೇಳುತ್ತಾರೆ, ಆಗ ಕೊಟ್ಟರಾಯ್ತು. ಫೋಟೋ ಕೂಡ ಇಲ್ಲಿನ ಹೆಚ್ಚಿನ ಕೆಲಸಗಳಿಗೆ ಬೇಕಾಗಿಲ್ಲ.

ಕೆಳಗೆ "ಐ ಹಿಯರ್‌ಬೈ ಡಿಕ್ಲೇರ್" ಅಂತ ಶುರುವಾಗಿ ಸ್ಥಳ, ದಿನಾಂಕ, ಸಹಿ ಇರುವ ಪ್ಯಾರಾ ಇದೆಯಲ್ಲ, ಅದೂ ಹೋಗಲಿ. ಅದು ಸರ್ಕಾರಿ ಅರ್ಜಿ ಫಾರಂಗೆ ಸರಿ, ರೆಸ್ಯೂಮಿಗೆ ಜಾಗ ದಂಡ. ನನಗೆ ಆ ಪ್ಯಾರಾ ಕಂಡರೆ ಈಗಲೂ ಬೆವರು ಬರುತ್ತದೆ. ನನ್ನ ಮೊದಲ ರೆಸ್ಯೂಮ್ ಮಾಡಿದ್ದು ಸೈಬರ್ ಸೆಂಟರಿನಲ್ಲಿ, ರೂಮ್‌ಮೇಟ್‌ನ ಫೈಲ್ ಕಾಪಿ ಹೊಡೆದು. ಮೇಲೆ ಎಲ್ಲ ನನ್ನ ವಿವರ ಹಾಕಿ, ಕೆಳಗಿನ ಡಿಕ್ಲರೇಷನ್ ನೋಡೋದನ್ನೇ ಮರೆತಿದ್ದೆ. ಇಂಟರ್‌ವ್ಯೂ ಮಾಡುತ್ತಿದ್ದವರು ಹಾಳೆ ತಿರುಗಿಸಿ, "ಮೇಲಿನ ಮಾಹಿತಿ ಎಲ್ಲ ಸತ್ಯ ಅಂತ ಬರೆದಿದ್ದೀರಿ, ಆದರೆ ಸಹಿ ಮೇಲೆ ಬೇರೆ ಯಾರದ್ದೋ ಹೆಸರಿದೆಯಲ್ಲ?" ಅಂದರು. ಆ ಕೆಲಸ ಸಿಗಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಹೆಸರಿನ ಕೆಳಗೆ ಆಬ್ಜೆಕ್ಟಿವ್ ಅಂತ ಒಂದು ಬರುತ್ತದೆ. "ಹೆಸರಾಂತ ಸಂಸ್ಥೆಯಲ್ಲಿ ಸವಾಲಿನ ಕೆಲಸ ಪಡೆದು ನನ್ನ ಕೌಶಲ್ಯ ಬೆಳೆಸಿಕೊಂಡು..." ಇದನ್ನು ಯಾರೂ ಓದೋದಿಲ್ಲ, ನನ್ನ ಕಣ್ಣು ತಾನಾಗಿ ಅದನ್ನು ದಾಟಿ ಹೋಗುತ್ತದೆ. ಅದರ ಬದಲು ಎರಡೇ ಸಾಲಿನಲ್ಲಿ ನೀವು ಯಾರು, ಏನು ಮಾಡಬಲ್ಲಿರಿ, ಯಾವ ಕೆಲಸ ಬೇಕು ಅಂತ ಬರೆಯಿರಿ. "ಬಿಕಾಂ ಪದವೀಧರ. ಮಂಡಿ ವ್ಯಾಪಾರದಲ್ಲಿ ಎರಡು ವರ್ಷ ಟ್ಯಾಲಿ, ಇ-ವೇ ಬಿಲ್ ಕೆಲಸ ಮಾಡಿದ್ದೇನೆ. ಅಕೌಂಟ್ಸ್ ಅಸಿಸ್ಟೆಂಟ್ ಕೆಲಸ ಹುಡುಕುತ್ತಿದ್ದೇನೆ." ಮುಗಿಯಿತು. ಒಂದು ಸಂಜೆ ಕೂತು ನೂರೈವತ್ತು ರೆಸ್ಯೂಮ್ ನೋಡಬೇಕಾದಾಗ ಒಂದೊಂದಕ್ಕೆ ನಾನು ಕೊಡೋದು ಅರ್ಧ ನಿಮಿಷ. ಆ ಅರ್ಧ ನಿಮಿಷ ಮೇಲಿನ ಕಾಲು ಭಾಗದಲ್ಲೇ ಕಳೆದುಹೋಗುತ್ತದೆ. ಮುಖ್ಯವಾದದ್ದು ಅಲ್ಲೇ ಇರಬೇಕು.

ಓದಿನ ವಿವರ ಇತ್ತೀಚಿನದು ಮೊದಲು. ಡಿಗ್ರಿ, ಪಿಯುಸಿ, ಎಸ್ಸೆಸ್ಸೆಲ್ಸಿ, ಮೂರು ಸಾಲು. ಎಲ್‌ಕೆಜಿ ಬರೆದವರನ್ನೂ ನೋಡಿದ್ದೇನೆ, ಇರಲಿ ಬಿಡಿ. ಸಿಜಿಪಿಎ ಇದ್ದರೆ ಸಿಜಿಪಿಎಯನ್ನೇ ಹಾಕಿ. ಪರ್ಸೆಂಟ್ ಕೇಳಿದರೆ ನಿಮ್ಮ ವಿಶ್ವವಿದ್ಯಾಲಯ ಯಾವ ಸೂತ್ರ ಕೊಟ್ಟಿದೆಯೋ ಅದರ ಪ್ರಕಾರ ಲೆಕ್ಕ ಹಾಕಿ, ಸುಮ್ನೆ ಹತ್ತರಿಂದ ಗುಣಿಸಬೇಡಿ. ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುನ ಕೆಲವು ಸ್ಕೀಮುಗಳಲ್ಲಿ (ಪಠ್ಯಕ್ರಮಗಳಲ್ಲಿ) ಸಿಜಿಪಿಎಯಿಂದ 0.75 ಕಳೆದು ಆಮೇಲೆ 10ರಿಂದ ಗುಣಿಸಬೇಕು. ಅಂದರೆ 7.85 ಇದ್ದವರಿಗೆ 71 ಪರ್ಸೆಂಟ್, 78.5 ಅಲ್ಲ. ಬೇಕಂತಲೇ ಮಾಡದಿದ್ದರೂ ದಾಖಲೆ ಹೊಂದದಿದ್ದರೆ ಸುಳ್ಳು ಬರೆದ ಹಾಗೇ ಕಾಣುತ್ತದೆ. ಮಾರ್ಕ್ಸ್ ಕಡಿಮೆ ಇದ್ದರೆ? ರೆಸ್ಯೂಮಿನಲ್ಲಿ ಪಾಸಾದ ವರ್ಷ ಬರೆದು ಪರ್ಸೆಂಟ್ ಬಿಡಬಹುದು, ತಪ್ಪೇನಿಲ್ಲ. ಆದರೆ ಕಂಪನಿಯ ಫಾರಂನಲ್ಲಿ ಕೇಳಿದರೆ ಇದ್ದದ್ದನ್ನೇ ಬರೆಯಬೇಕು.

ಸ್ಕಿಲ್ಸ್ ಅಂತ ಬರೆದು ಎಂಎಸ್ ಆಫೀಸ್, ಇಂಟರ್ನೆಟ್ ಅಂತ ಹಾಕಿದರೆ ಏನೂ ಹೇಳಿದ ಹಾಗಾಗಲಿಲ್ಲ. ಎಕ್ಸೆಲ್‌ನಲ್ಲಿ ಏನು ಬರುತ್ತದೆ? ವಿ-ಲುಕಪ್ ಫಾರ್ಮುಲಾ ಬರುತ್ತಾ, ಪಿವಟ್ ಟೇಬಲ್ ಮಾಡ್ತೀರಾ? ಅದನ್ನು ಬರೆಯಿರಿ. ಐದು ನಕ್ಷತ್ರದಲ್ಲಿ ನಾಲ್ಕು ಬಣ್ಣ ತುಂಬಿಸಿ ಎಕ್ಸೆಲ್ 80 ಪರ್ಸೆಂಟ್ ಅಂತ ತೋರಿಸುವ ಡಿಸೈನುಗಳಿವೆಯಲ್ಲ, ಆ 80 ಯಾರು ಅಳೆದದ್ದು ಅಂತ ನನಗೆ ಇನ್ನೂ ಅರ್ಥವಾಗಿಲ್ಲ. ಕನ್ನಡ ಓದೋಕೆ ಬರೆಯೋಕೆ ಬರುತ್ತೆ ಅನ್ನೋದನ್ನು ಖಂಡಿತ ಹಾಕಿ. ಬ್ಯಾಂಕು, ಆಸ್ಪತ್ರೆ, ಸೇಲ್ಸ್, ಕಾಲ್ ಸೆಂಟರ್, ಹಳ್ಳಿಗಳಲ್ಲಿ ಕೆಲಸ ಮಾಡುವ ಸಂಸ್ಥೆಗಳಿಗೆ ಅದು ನಿಜವಾಗಿ ಬೇಕು.

ಎಂಜಿನಿಯರಿಂಗ್‌ನವರಿಗೆ ಒಂದು ಮಾತು. ಫೈನಲ್ ಇಯರ್ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತಂದದ್ದಾದರೆ ಅದನ್ನು ರೆಸ್ಯೂಮಿನಲ್ಲಿ ಮೇಲಕ್ಕೆ ಇಡಬೇಡಿ. ಎರಡನೇ ಪ್ರಶ್ನೆಗೆ ಗೊತ್ತಾಗಿಬಿಡುತ್ತದೆ. ನೀವೇ ಕೂತು ಮಾಡಿದ ಸಣ್ಣ ಕೆಲಸ, ಹಾಸ್ಟೆಲ್ ಮೆಸ್ ಲೆಕ್ಕಕ್ಕೆ ಮಾಡಿದ ಆ್ಯಪ್ ಆದರೂ ಸರಿ, ಅದಕ್ಕಿಂತ ನೂರು ಪಾಲು ಮೇಲು. ನಾಲ್ಕು ಜನ ಸೇರಿ ಮಾಡಿದ್ದಾದರೆ ನಿಮ್ಮ ಪಾಲು ಯಾವುದು ಅಂತ ಬರೆಯಿರಿ.

ಮಧ್ಯೆ ಒಂದೆರಡು ವರ್ಷ ಖಾಲಿ ಇದೆ ಅಂತ ತುಂಬ ಜನ ಹೆದರುತ್ತಾರೆ. ನಮ್ಮಲ್ಲಿ ಈ ಖಾಲಿ ವರ್ಷಗಳಿಗೆ ಸಾಮಾನ್ಯ ಕಾರಣ ಯಾವುದು ಅಂತ ಎಲ್ಲರಿಗೂ ಗೊತ್ತು. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮ್ ಮಾಡಿಕೊಂಡು ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಓದಿದ್ದು. ಮುಚ್ಚಿಡೋಕೆ ಅದೇನು ಕಳ್ಳತನವಾ? ವರ್ಷಗಳನ್ನು ಹಾಕಿ "ಸ್ಪರ್ಧಾತ್ಮಕ ಪರೀಕ್ಷೆ ತಯಾರಿ" ಅಂತ ಒಂದು ಸಾಲು ಬರೆಯಿರಿ, ಪ್ರಿಲಿಮ್ಸ್ ಪಾಸಾಗಿದ್ದರೆ ಅದನ್ನೂ ಹಾಕಿ. ಆ ಹೊತ್ತಿನಲ್ಲಿ ಲೈಬ್ರರಿ ನೋಡಿಕೊಂಡಿದ್ದರೆ, ಜೂನಿಯರ್‌ಗಳಿಗೆ ಗಣಿತ ಹೇಳಿಕೊಟ್ಟಿದ್ದರೆ ಅದೂ ಬರಲಿ. ಅಮ್ಮನ ಆರೋಗ್ಯಕ್ಕೆ ಊರಲ್ಲಿದ್ದೆ, ಮಗು ಸಣ್ಣದಿತ್ತು, ತೋಟ ನೋಡಿಕೊಂಡೆ, ಇವೆಲ್ಲ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುವ ವಿಷಯ. ಏನೂ ಬರೆಯದೆ ಬಿಟ್ಟರೇ ಓದುವವನು ತಾನೇ ಏನೋ ಊಹಿಸಿಕೊಳ್ಳುತ್ತಾನೆ, ಮತ್ತು ಅವನ ಊಹೆ ಸಾಮಾನ್ಯವಾಗಿ ಒಳ್ಳೆಯದಿರೋದಿಲ್ಲ.

ಕಳ್ಳತನ ಅಂದೆನಲ್ಲ, ನಿಜವಾದ ಕಳ್ಳತನ ಬೇರೆ ಇದೆ. ಬೆಂಗಳೂರಿನಲ್ಲಿ ದುಡ್ಡು ಕೊಟ್ಟರೆ ಎರಡು ಮೂರು ವರ್ಷದ ಅನುಭವ ಪತ್ರ, ಸಂಬಳದ ಸ್ಲಿಪ್ ಎಲ್ಲ ಮಾಡಿಕೊಡುವವರಿದ್ದಾರೆ. "ಎಲ್ಲರೂ ಮಾಡ್ತಾರೆ" ಅನ್ನುತ್ತಾರೆ. ಮಾಡಬೇಡಿ. ಪಿಎಫ್ ಇದ್ದ ಕೆಲಸಗಳೆಲ್ಲ ನಿಮ್ಮ ಯುಎಎನ್ ಅನ್ನೋ ಪಿಎಫ್ ನಂಬರಿನ ಕೆಳಗೆ ಸೇರಿದ ದಿನ, ಬಿಟ್ಟ ದಿನ ಸಮೇತ ದಾಖಲಾಗಿರುತ್ತವೆ. ದೊಡ್ಡ ಕಂಪನಿಗಳು ಪರಿಶೀಲನೆಗೆಂದೇ ಬೇರೆ ಏಜೆನ್ಸಿ ಇಟ್ಟಿರುತ್ತವೆ, ಅವರು ಹಳೆಯ ಕಂಪನಿಗೆ ಫೋನ್ ಮಾಡುತ್ತಾರೆ, ಕೆಲವೊಮ್ಮೆ ವಿಳಾಸಕ್ಕೇ ಹೋಗಿ ನೋಡುತ್ತಾರೆ. ಸೇರಿ ಆರು ತಿಂಗಳಾದ ಮೇಲೆ ಸಿಕ್ಕಿಬಿದ್ದು ಅದೇ ಸಂಜೆ ಲ್ಯಾಪ್‌ಟಾಪ್ ವಾಪಸ್ ಕೊಟ್ಟು ಹೋದವರನ್ನು ನಾನೇ ನೋಡಿದ್ದೇನೆ. ಮಂಡಿಯ ಎರಡು ವರ್ಷವನ್ನು ಸರಿಯಾಗಿ ಬರೆಯೋಕೆ ಬಂದರೆ ಈ ಸುಳ್ಳಿನ ಅಗತ್ಯವೇ ಬರೋದಿಲ್ಲ.

ಡಿಸೈನ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಏರಿಯಲ್ಲೋ ಕ್ಯಾಲಿಬ್ರಿಯೋ, ಸೈಜ್ 11, ಎ4 ಹಾಳೆ, ಕಪ್ಪು ಅಕ್ಷರ, ಬಾರ್ಡರ್ ಬೇಡ. ಹೊಸಬರಿಗೆ ಒಂದೇ ಪುಟ. ಎಂಟು ಹತ್ತು ವರ್ಷ ಕೆಲಸ ಮಾಡಿದವರು ಎರಡು ಪುಟ ಬರೆಯಲಿ. ಎರಡು ಕಾಲಂ ಇರುವ ಬಣ್ಣಬಣ್ಣದ ಟೆಂಪ್ಲೇಟ್‌ಗಳು ಫೋನಿನಲ್ಲಿ ಚೆಂದ ಕಾಣುತ್ತವೆ, ನಿಜ. ತೊಂದರೆ ಬೇರೆ ಇದೆ. ಈಗ ದೊಡ್ಡ ಕಂಪನಿಗಳಲ್ಲಿ ರೆಸ್ಯೂಮ್ ಮೊದಲು ಒಂದು ಸಾಫ್ಟ್‌ವೇರ್ ಒಳಗೆ ಹೋಗುತ್ತದೆ, ಎಟಿಎಸ್ ಅಂತಾರೆ. ಅದು ಅಕ್ಷರಗಳನ್ನು ಮಾತ್ರ ಎತ್ತಿಕೊಂಡು ಹೆಸರು, ಓದು, ಕೆಲಸ ಅಂತ ಬೇರೆಬೇರೆ ಖಾನೆಗೆ ಹಾಕುತ್ತದೆ. ಎರಡು ಕಾಲಂ ಇದ್ದರೆ ಎಡದ ಅರ್ಧ ಸಾಲಿಗೆ ಬಲದ ಅರ್ಧ ಸಾಲು ಅಂಟಿ ಏನೇನೋ ಆಗಬಹುದು. ಚಿತ್ರದೊಳಗೆ ಬರೆದ ಅಕ್ಷರ, ಹೆಡರ್‌ನಲ್ಲಿ ಹಾಕಿದ ಫೋನ್ ನಂಬರ್ ಕೆಲವು ಸಲ ಕಾಣೆಯೇ ಆಗುತ್ತವೆ.

ನಿಮ್ಮದು ಸರಿಯಿದೆಯಾ ಅಂತ ನೋಡೋಕೆ ದುಡ್ಡು ಕೇಳುವ ವೆಬ್‌ಸೈಟ್ ಬೇಕಾಗಿಲ್ಲ. ಪಿಡಿಎಫ್ ತೆರೆದು ಎಲ್ಲ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ. ಅಲ್ಲಿ ಮೇಲಿಂದ ಕೆಳಗೆ ಸರಾಗವಾಗಿ ಓದೋಕೆ ಆದರೆ ಸಾಫ್ಟ್‌ವೇರಿಗೂ ಬಹುಮಟ್ಟಿಗೆ ಆಗುತ್ತದೆ. ಕಲಸುಮೇಲೋಗರ ಆದರೆ ಟೆಂಪ್ಲೇಟ್ ಬದಲಿಸಿ. ಪೇಸ್ಟ್ ಮಾಡಿದಾಗ ಏನೂ ಬರಲಿಲ್ಲ ಅಂದರೆ ನಿಮ್ಮ ಪಿಡಿಎಫ್ ಬರೀ ಫೋಟೋ. ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿದವರಿಗೆ ಹೀಗಾಗುತ್ತದೆ.

ಆಮೇಲೆ ಪದಗಳು. ಕೆಲಸದ ಜಾಹೀರಾತನ್ನು ಕಾಗದದ ಮೇಲೆ ಬರೆದುಕೊಂಡು, ಅದರಲ್ಲಿರುವ ಕೆಲಸದ ಪದಗಳಿಗೆ ಗೆರೆ ಎಳೆಯಿರಿ. ಟ್ಯಾಲಿ ಪ್ರೈಮ್, ಜಿಎಸ್‌ಟಿ, ಬ್ಯಾಂಕ್ ರಿಕನ್ಸಿಲಿಯೇಷನ್, ಹೀಗೆ. ನಿಮಗೆ ನಿಜವಾಗಿ ಬರುವ ಕೆಲಸಕ್ಕೆ ಅವರು ಬಳಸಿದ ಪದವನ್ನೇ ಬಳಸಿ. ನೀವು "ಬ್ಯಾಂಕ್ ಲೆಕ್ಕ ತಾಳೆ" ಅನ್ನೋದನ್ನು ನಿಮಗೆ ತೋಚಿದ ಇಂಗ್ಲಿಷಿನಲ್ಲಿ ಬರೆದರೆ, ನೌಕ್ರಿಯಂಥ ಪೋರ್ಟಲ್‌ನಲ್ಲಿ ರಿಕನ್ಸಿಲಿಯೇಷನ್ ಅಂತ ಹುಡುಕುವವರಿಗೆ ನೀವು ಸಿಗೋದೇ ಇಲ್ಲ. ಗೊತ್ತಿಲ್ಲದ ಪದಗಳನ್ನು ಬಿಳಿ ಅಕ್ಷರದಲ್ಲಿ ಅಡಗಿಸಿ ತುಂಬುವ ಒಂದು ಟ್ರಿಕ್ ಓಡಾಡುತ್ತಿದೆ. ನಾನು ಮೇಲೆ ಹೇಳಿದ ನೋಟ್‌ಪ್ಯಾಡ್ ಪರೀಕ್ಷೆಯನ್ನು ನಾವೂ ಮಾಡಬಲ್ಲೆವು, ಅಲ್ವಾ?

ಕಾಗುಣಿತ ಅಂದರೆ ಸ್ಪೆಲ್ ಚೆಕ್ ಇದೆ ಅನ್ನುತ್ತಾರೆ. ಇಂಗ್ಲಿಷಿನ ಮ್ಯಾನೇಜರ್ ಪದದಲ್ಲಿ ಎರಡನೇ ಎ ಬಿಟ್ಟುಹೋದರೆ ಅದು ದನಕ್ಕೆ ಮೇವು ಹಾಕುವ ಗೋದಲಿ ಆಗುತ್ತದೆ. ಅದೂ ಸರಿಯಾದ ಪದವೇ, ಹಾಗಾಗಿ ಸ್ಪೆಲ್ ಚೆಕ್ ಸುಮ್ಮನಿರುತ್ತದೆ. ಅಸಿಸ್ಟೆಂಟ್ ಗೋದಲಿಗಳ ಅರ್ಜಿ ನನಗೆ ವರ್ಷಕ್ಕೆ ನಾಲ್ಕಾದರೂ ಬರುತ್ತವೆ. ಪ್ರಿಂಟ್ ತೆಗೆದು, ಕೊನೆಯ ಸಾಲಿನಿಂದ ಮೇಲಕ್ಕೆ ಒಂದೊಂದೇ ಸಾಲು ಓದಿ, ತಪ್ಪು ಕಣ್ಣಿಗೆ ಬೀಳುತ್ತದೆ.

ಈ ಒಂದೇ ಹಾಳೆ ಎಲ್ಲ ಕಡೆಗೂ ನಡೆಯೋದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೆಪಿಎಸ್‌ಸಿ, ಕೆಇಎ ಮೂಲಕ ನಡೆಯುವ ಸರ್ಕಾರಿ ನೇಮಕಾತಿಗಳಿಗೆ ರೆಸ್ಯೂಮ್ ಕೇಳೋದಿಲ್ಲ, ಅವರ ಆನ್‌ಲೈನ್ ಅರ್ಜಿಯೇ ಎಲ್ಲ. ಗಲ್ಫ್‌ಗೆ ಹೋಗುವವರಿಗೆ ಬೇರೆ ಲೆಕ್ಕ. ಅಲ್ಲಿನವರು ಫೋಟೋ, ರಾಷ್ಟ್ರೀಯತೆ, ವೀಸಾ ಸ್ಥಿತಿ ಎಲ್ಲ ಸಾಮಾನ್ಯವಾಗಿ ಕೇಳುತ್ತಾರೆ, ಮಂಗಳೂರು, ಭಟ್ಕಳದ ಕಡೆಯವರಿಗೆ ಇದು ಹೊಸದೇನಲ್ಲ. ಅಮೆರಿಕಕ್ಕಾದರೆ ಫೋಟೋ, ವಯಸ್ಸು ಎರಡೂ ಬೇಡ. ಇನ್ನು ಕನ್ನಡ ಶಾಲೆಗೋ ಪತ್ರಿಕೆಗೋ ಕನ್ನಡದಲ್ಲೇ ರೆಸ್ಯೂಮ್ ಕೊಡಬೇಕಾದರೆ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನ ವರ್ಡ್ ಫೈಲ್ ಕಳಿಸಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನಿಮ್ಮ ಹೆಸರು ಕೂಡ ಓದೋಕೆ ಆಗೋದಿಲ್ಲ.

ಕಳಿಸುವಾಗ ಫೈಲಿಗೆ ನಿಮ್ಮ ಹೆಸರು ಮತ್ತು ಕೆಲಸದ ಹೆಸರು ಇಡಿ. "ರೆಸ್ಯೂಮ್ ಫೈನಲ್ ನ್ಯೂ 2" ಅನ್ನೋ ಹೆಸರಿನ ಫೈಲುಗಳು ನನ್ನ ಡೌನ್‌ಲೋಡ್ ಫೋಲ್ಡರಿನಲ್ಲಿ ಮೂವತ್ತಿವೆ, ಯಾರದ್ದು ಯಾವುದು ಅಂತ ನನಗೇ ಗೊತ್ತಿಲ್ಲ. ಮೇಲ್ ಖಾಲಿ ಕಳಿಸಬೇಡಿ. ವಿಷಯದ ಜಾಗದಲ್ಲಿ ಕೆಲಸದ ಹೆಸರು, ಒಳಗೆ ನಾಲ್ಕು ಸಾಲು: ಯಾವ ಕೆಲಸಕ್ಕೆ, ಎಲ್ಲಿ ನೋಡಿದಿರಿ, ಯಾಕೆ ಹೊಂದುತ್ತೀರಿ, ಯಾವಾಗಿನಿಂದ ಬರಬಹುದು. ನಲವತ್ತು ಕಂಪನಿಗಳ ಐಡಿಯನ್ನು ಒಂದೇ ಮೇಲ್‌ನಲ್ಲಿ ಹಾಕಿ ಕಳಿಸಿದರೆ ನಲವತ್ತು ಜನವೂ ಉಳಿದ ಮೂವತ್ತೊಂಬತ್ತು ಜನರನ್ನು ನೋಡುತ್ತಾರೆ. ಕೆಲಸ ಕೊಡಿಸುತ್ತೇವೆ, ಮೊದಲು ರಿಜಿಸ್ಟ್ರೇಷನ್ ಫೀಸ್ ಕಟ್ಟಿ ಅಂದವರಿಗೆ ಒಂದು ರೂಪಾಯಿಯೂ ಕೊಡಬೇಡಿ.

ಮತ್ತೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ಕಂಪನಿ, ಯಾವ ಕೆಲಸ, ಯಾವ ದಿನ, ಯಾವ ಫೈಲ್ ಕಳಿಸಿದಿರಿ, ನಾಲ್ಕು ಕಾಲಂ. ಹದಿನೈದು ದಿನ ಬಿಟ್ಟು ಫೋನ್ ಬಂದಾಗ ಬಸ್ಸಿನಲ್ಲಿರುತ್ತೀರಿ, ಹೊರಗೆ ಗಲಾಟೆ, ಆ ಕಡೆಯಿಂದ ಹೆಣ್ಣುಮಗಳೊಬ್ಬಳು ಇಂಗ್ಲಿಷಿನಲ್ಲಿ ಏನೋ ಕೇಳುತ್ತಾಳೆ. ನಮ್ಮ ಹುಡುಗನಿಗೂ ಹಾಗೇ ಆಯ್ತು, ತುಮಕೂರು ಬಸ್ ಸ್ಟ್ಯಾಂಡಿನಲ್ಲಿ. "ಯಾವ ಕಂಪನಿ ಮೇಡಂ?" ಅಂತ ಕೇಳಿಬಿಡುತ್ತಿದ್ದನಂತೆ, ಅಷ್ಟರಲ್ಲಿ ನೋಟ್‌ಬುಕ್ ನೆನಪಾಗಿ, "ಐದು ನಿಮಿಷ ಬಿಟ್ಟು ನಾನೇ ಮಾಡ್ತೀನಿ" ಅಂದ. ಆಚೆ ಹೋಗಿ ಪುಟ ತೆಗೆದು ನೋಡಿ ವಾಪಸ್ ಫೋನ್ ಮಾಡಿದ. ಇಂಟರ್‌ವ್ಯೂನಲ್ಲಿ ಇಪ್ಪತ್ತು ನಿಮಿಷ ಮಾತಾಡಿದ್ದು ಆ ಕೆಟ್ಟುನಿಂತ ಲಾರಿ ಬಗ್ಗೆನೇ.